ಎಂಜಿಬಿ ಎಂಜಿನ್‌ಗೆ 280 ಡಿಗ್ರಿಯ ಕ್ಯಾಮ್‌ಶಾಫ್ಟ್ ಹೊಂದೀತೇ?

ಪ್ರಶ್ನೆ

ನನ್ನ ಬಳಿ 1967ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿದೆ. 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್, 8.8:1 ಕಂಪ್ರೆಷನ್ (ಸಿಲಿಂಡರಿನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣವನ್ನು ಅದುಮುವ ಪ್ರಮಾಣ), ಎಲ್ಲವೂ ಕಾರ್ಖಾನೆಯಿಂದ ಬಂದಂತೆಯೇ ಇವೆ. ಈಚೆಗೆ ಎಂಜಿನ್ ಬಿಚ್ಚಿದಾಗ ಎರಡು ಟ್ಯಾಪೆಟ್‌ಗಳ (ಕ್ಯಾಮ್‌ಶಾಫ್ಟಿನ ಚಲನೆಯನ್ನು ವಾಲ್ವ್‌ಗಳತ್ತ ದಾಟಿಸುವ ತುಂಡುಗಳ) ತಳದಲ್ಲಿ ಉಗುರಿಗೆ ತಗಲುವಷ್ಟು ಗುಳಿ ಬಿದ್ದಿರುವುದೂ, ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ದಂಡದಲ್ಲಿ ಅವುಗಳಿಗೆ ಎದುರಾದ ಉಬ್ಬುಗಳ ತುದಿ ಸವೆದಿರುವುದೂ ಕಂಡಿತು. ಹೇಗೂ ಹೊಸ ಕ್ಯಾಮ್‌ಶಾಫ್ಟ್ ಹಾಕಲೇಬೇಕಾಗಿರುವುದರಿಂದ, 252 ಡಿಗ್ರಿಯ (ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡ ಅಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿಡುವ) ಮೂಲ ಕ್ಯಾಮ್ ಬಿಟ್ಟು 280 ಡಿಗ್ರಿಯದನ್ನು ಹಾಕಿದರೆ ಹೇಗೆ ಎಂಬ ಆಸೆ ಹುಟ್ಟಿದೆ. ಕಾರು ಹೆದ್ದಾರಿಯಲ್ಲಿ ಮಾತ್ರ ಓಡುತ್ತದೆ, ರೇಸಿಗೆ ಒಯ್ಯುವ ಉದ್ದೇಶವಿಲ್ಲ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1

ಕ್ಯಾಮ್ ಮತ್ತು ಕಂಪ್ರೆಷನ್ ಎರಡನ್ನೂ ಒಟ್ಟಿಗೇ ನಿರ್ಧರಿಸಬೇಕು. ನಿಮ್ಮ ಮೂಲ ಕ್ಯಾಮ್‌ನಲ್ಲಿ ಇನ್‌ಲೆಟ್ ವಾಲ್ವ್ (ಮಿಶ್ರಣವನ್ನು ಒಳಬಿಡುವುದು), ಪಿಸ್ಟನ್ ಮೇಲ್ತುದಿ ತಲುಪುವ 16 ಡಿಗ್ರಿ ಮೊದಲು ತೆರೆದು, ಕೆಳತುದಿ ದಾಟಿದ 56 ಡಿಗ್ರಿಗೆ ಮುಚ್ಚುತ್ತದೆ. 280 ಡಿಗ್ರಿಯ ಕ್ಯಾಮನ್ನು 108 ಡಿಗ್ರಿ ಕೇಂದ್ರದಲ್ಲಿ (ಮೇಲ್ತುದಿ ದಾಟಿದ 108 ಡಿಗ್ರಿಗೆ ವಾಲ್ವ್ ಪೂರ್ತಿ ತೆರೆಯುವಂತೆ) ಕೂರಿಸಿದರೆ ಅದೇ ವಾಲ್ವ್ 68 ಡಿಗ್ರಿಗೆ ಮುಚ್ಚುತ್ತದೆ. ಅಷ್ಟರಲ್ಲಿ ಪಿಸ್ಟನ್ ಮೇಲೇರತೊಡಗಿ ಬಹಳ ಹೊತ್ತಾಗಿರುವುದರಿಂದ, ನಿಧಾನ ವೇಗದಲ್ಲಿ ಒಳಬಂದ ಮಿಶ್ರಣದ ಒಂದು ಭಾಗ ಮಿಶ್ರಣ ಬರುವ ಮ್ಯಾನಿಫೋಲ್ಡ್ ಕೊಳವೆಗೇ ಮರಳುತ್ತದೆ. ಲೆಕ್ಕ ಹಾಕಿ ನೋಡಿದೆ: ವಾಲ್ವ್ ಮುಚ್ಚಿದ ಮೇಲೆ ಉಳಿಯುವ ನಿಜವಾದ ಕಂಪ್ರೆಷನ್ ಸುಮಾರು 7.4ರಿಂದ 6.8ಕ್ಕೆ ಇಳಿಯುತ್ತದೆ. ಹಳೆಯ ಮಟ್ಟ ಮತ್ತೆ ಬೇಕೆಂದರೆ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಉಜ್ಜಿಸಿ ಮೂಲ 8.8:1ನ್ನು 9.6:1ರ ಸುತ್ತಮುತ್ತ ತರಬೇಕು. ಆ ಕೆಲಸ ಬಿಟ್ಟು ಕ್ಯಾಮ್ ಮಾತ್ರ ಬದಲಿಸಿದವರು, ಗಾಡಿಯ ಪಿಕಪ್ ಮೊದಲಿಗಿಂತ ಸತ್ತಿದೆ ಎಂದು ದೂರುವುದು ಇದಕ್ಕೇ.

ಉತ್ತರ 2

ಮೇಲಿನ ಲೆಕ್ಕ ಒಪ್ಪುವೆ, ಆದರೆ ನನ್ನ ಮಟ್ಟಿಗೆ 280 ಹೆಚ್ಚಾಯಿತು. ಈ ಹೆಡ್‌ನಲ್ಲಿ 1 ಮತ್ತು 2ನೇ ಸಿಲಿಂಡರ್‌ಗಳಿಗೆ ಒಂದೇ ಇನ್‌ಲೆಟ್ ದಾರಿ, 3 ಮತ್ತು 4ಕ್ಕೆ ಇನ್ನೊಂದು. ಉರಿಯುವ ಕ್ರಮ 1-3-4-2 ಆದ್ದರಿಂದ 2ನೆಯದು ಉಸಿರೆಳೆದ ಬೆನ್ನಲ್ಲೇ 1ನೆಯದೂ ಅದೇ ದಾರಿಗೆ ಕೈಹಾಕುತ್ತದೆ; ವಾಲ್ವ್ ಹೆಚ್ಚು ಹೊತ್ತು ತೆರೆದಷ್ಟೂ ಒಂದರ ಪಾಲನ್ನು ಇನ್ನೊಂದು ಕಸಿಯುವುದು ಹೆಚ್ಚುತ್ತದೆ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಅವಧಿಯೂ 37 ಡಿಗ್ರಿಯಿಂದ 64ಕ್ಕೆ ಏರುವುದರಿಂದ ಐಡ್ಲಿಂಗ್ ಕುಂಟುತ್ತದೆ. 3.9ರ ಹಿಂಬದಿ ಗೇರಿನಲ್ಲಿ, ಓವರ್‌ಡ್ರೈವ್ (ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರ್) ಇಲ್ಲದೆ, ಗಂಟೆಗೆ 85 ಕಿಲೋಮೀಟರ್ ಎಂದರೆ ಸುಮಾರು 3000 ಆರ್‌ಪಿಎಂ. ನಿಮ್ಮ ಎಂಜಿನ್ ಹೆಚ್ಚು ಹೊತ್ತು ಓಡುವುದು ಆ ವೇಗದಲ್ಲೇ. 265ರಿಂದ 270 ಡಿಗ್ರಿಯೊಳಗಿನ, ಲಿಫ್ಟ್ (ವಾಲ್ವ್ ಏಳುವ ಎತ್ತರ) ತುಸು ಹೆಚ್ಚಿರುವ ಕ್ಯಾಮ್ ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. 270ರ ಒಳಗೇ ನಿಲ್ಲುತ್ತೇನೆ, ಹೆಡ್ಡನ್ನೂ ಸ್ವಲ್ಪ ಉಜ್ಜಿಸುತ್ತೇನೆ. ಚೆನ್ನಾಗಿರುವ ಉಳಿದ ಆರು ಟ್ಯಾಪೆಟ್‌ಗಳನ್ನು ಮರುಬಳಕೆ ಮಾಡಬಹುದೇ?

ಉತ್ತರ 3

ಖಂಡಿತ ಬೇಡ. ಟ್ಯಾಪೆಟ್ಟಿನ ತಳ ಕಣ್ಣಿಗೆ ಸಪಾಟಾಗಿ ಕಂಡರೂ ತುಸು ಉಬ್ಬಿರುತ್ತದೆ. ಹಾಗಿರುವುದರಿಂದಲೇ ಅದು ತಿರುಗುತ್ತಾ ಸವೆತವನ್ನು ಹಂಚಿಕೊಳ್ಳುತ್ತದೆ. ಹಳೆಯ ಕ್ಯಾಮಿಗೆ ಹೊಂದಿಕೊಂಡು ಸವೆದದ್ದು ಹೊಸದನ್ನು ಬೇಗನೆ ಕೆಡಿಸುತ್ತದೆ. ಎಂಟೂ ಹೊಸದಿರಲಿ, ಜೋಡಿಸುವಾಗ ಉಬ್ಬುಗಳಿಗೆ ಅಸೆಂಬ್ಲಿ ಪೇಸ್ಟ್ ಧಾರಾಳವಾಗಿ ಹಚ್ಚಿ, ಸತು ಮತ್ತು ರಂಜಕದ ಅಂಶ ಸಾಕಷ್ಟಿರುವ ಆಯಿಲ್ ಹಾಕಿ. ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂಗೆ ಏರಿಸಿ 20 ನಿಮಿಷ ಹಾಗೆಯೇ ಓಡಿಸಿ, ಐಡ್ಲಿಂಗಿಗೆ ಬಿಡಬೇಡಿ, ಏಕೆಂದರೆ ಕ್ಯಾಮಿನ ಮೇಲೆ ಆಯಿಲ್ ಎರಚುವುದು ಕ್ರ್ಯಾಂಕಿನ ಸುತ್ತಾಟವೇ. ಹೆಡ್ ಉಜ್ಜಿಸಿದರೆ ವಾಲ್ವ್ ಒತ್ತುವ ರಾಕರ್‌ಗಳ ಪೀಠಗಳ ಕೆಳಗೆ ಶಿಮ್ (ತೆಳು ಲೋಹದ ತುಂಡು) ಬೇಕಾಗಬಹುದು. ವಾಲ್ವ್ ಪೂರ್ತಿ ತೆರೆದಾಗ ಬ್ಲಾಕಿಗೆ ತಾಗುವುದೇ ಎಂಬುದನ್ನು ಮೆತ್ತನೆಯ ಜೇಡಿಮಣ್ಣಿನ ತುಣುಕಿಟ್ಟು, ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿಕೊಳ್ಳಿ.