ಪೋಕರ್‌ನಲ್ಲಿ ಗುರಿ ಇಟ್ಟುಕೊಳ್ಳುವುದು ಹೇಗೆ, ಸೋಲುವಾಗ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಸರ್. ಕೆಲಸ ಮುಗಿಸಿಕೊಂಡು ಸಂಜೆ ಹೊತ್ತು ನೋ-ಲಿಮಿಟ್ ಹೋಲ್ಡೆಮ್ (ಪಣಕ್ಕೆ ಮಿತಿಯಿಲ್ಲದ ಪೋಕರ್) ಕ್ಯಾಶ್ ಗೇಮ್ ಆಡುತ್ತೇನೆ, ಅಂದರೆ ಟೂರ್ನಮೆಂಟ್ ಅಲ್ಲ, ನೇರ ದುಡ್ಡಿನ ಆಟ. ಸಣ್ಣ ಸ್ಟೇಕ್ (ಪಣದ ಮಟ್ಟ), ಆರು ಜನರ ಟೇಬಲ್. ವರ್ಷದ ಶುರುವಿನಲ್ಲಿ ಒಂದು ಗುರಿ ಬರೆದಿಟ್ಟಿದ್ದೆ: ಪ್ರತಿ ತಿಂಗಳೂ ಹತ್ತು ಬೈ-ಇನ್ (ಟೇಬಲ್‌ಗೆ ಕೂರುವಾಗ ತರುವ ದುಡ್ಡು) ಲಾಭ. ಮೊದಲ ತಿಂಗಳು ಗುರಿ ದಾಟಿತು. ಎರಡನೇ ತಿಂಗಳು ಬಂದಷ್ಟೇ ಹೋಯಿತು. ಮೂರನೇ ತಿಂಗಳು ಪೂರ್ತಿ ನಷ್ಟ. ಈಗ ಟೇಬಲ್ ತೆಗೆಯುವುದಕ್ಕೇ ಮನಸ್ಸಿಲ್ಲ. ಓದುವುದೂ ನಿಂತುಹೋಗಿದೆ. ವೃತ್ತಿಯಾಗಿ ಆಡುವ ನಿಮ್ಮಂಥವರು ಗುರಿ ಹೇಗೆ ಇಟ್ಟುಕೊಳ್ಳುತ್ತೀರಿ?

ಉತ್ತರ: ನಮಸ್ಕಾರ. ನಿಮ್ಮ ಹುಮ್ಮಸ್ಸಿಗೆ ಏನೂ ಆಗಿಲ್ಲ. ಗುರಿಯನ್ನು ಇಡಬಾರದ ಕಡೆ ಇಟ್ಟಿದ್ದೀರಿ. ತಿಂಗಳಿಗೆ ಇಷ್ಟು ಬೈ-ಇನ್ ಬರುವುದು ನಿಮ್ಮ ಕೈಯಲ್ಲಿಲ್ಲ.

ಲೆಕ್ಕ ನೋಡಿ. ಆರು ಜನರ ಹೋಲ್ಡೆಮ್‌ನಲ್ಲಿ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 100 ಹ್ಯಾಂಡ್‌ಗೆ (ಒಂದು ಸಲ ಎಲೆ ಹಂಚಿ ಆಡುವುದು ಒಂದು ಹ್ಯಾಂಡ್) ಸುಮಾರು 90 ಬಿಗ್ ಬ್ಲೈಂಡ್ ಇರುತ್ತದೆ. ಬಿಗ್ ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಸರದಿಯಂತೆ ಒಬ್ಬರು ಹಾಕಲೇಬೇಕಾದ ಪಣ. ಇಲ್ಲಿ ಅಳತೆಯೂ ಅದೇ, 100 ಸೇರಿದರೆ ಒಂದು ಬೈ-ಇನ್. ಒಬ್ಬರು 100 ಹ್ಯಾಂಡ್‌ಗೆ 5 ಬಿಗ್ ಬ್ಲೈಂಡ್ ಗೆಲ್ಲುವ ಆಟಗಾರ ಅಂತಿಟ್ಟುಕೊಳ್ಳಿ. ಇದು ಒಳ್ಳೆಯ ದರವೇ. 10,000 ಹ್ಯಾಂಡ್ ಆಡಿದರೆ ಅವರಿಗೆ ಸರಾಸರಿ 500 ಬಿಗ್ ಬ್ಲೈಂಡ್, ಅಂದರೆ 5 ಬೈ-ಇನ್ ಬರಬೇಕು. ಆದರೆ ಅಷ್ಟು ಹ್ಯಾಂಡ್‌ನಲ್ಲಿ ಏರಿಳಿತವೇ 900 ಬಿಗ್ ಬ್ಲೈಂಡ್. ಹಾಗಾಗಿ ಅವರು ನಷ್ಟದಲ್ಲಿರುವ ಸಾಧ್ಯತೆ ಶೇ. 29ರ ಹತ್ತಿರ ಇರುತ್ತದೆ. ಸಂಜೆ ಮಾತ್ರ ಆಡುವವರಿಗೆ 10,000 ಹ್ಯಾಂಡ್ ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಆಟ. ಅಂದರೆ ಚೆನ್ನಾಗಿ ಆಡುವವರೇ ಹತ್ತು ತಿಂಗಳಲ್ಲಿ ಮೂರು ತಿಂಗಳು ಸೋಲುತ್ತಾರೆ. 1,00,000 ಹ್ಯಾಂಡ್ ಆದ ಮೇಲೂ ನಷ್ಟದಲ್ಲಿರುವ ಸಾಧ್ಯತೆ ಶೇ. 4ರಷ್ಟು ಉಳಿದೇ ಇರುತ್ತದೆ.

ನಿಮ್ಮ ಮೂರು ತಿಂಗಳ ಫಲಿತಾಂಶ ನೋಡಿ ನೀವು ಗೆಲ್ಲುವ ಆಟಗಾರರೋ ಅಲ್ಲವೋ ಅಂತ ನನಗೆ ಹೇಳಲು ಆಗುವುದಿಲ್ಲ. ಮೊದಲ ತಿಂಗಳ ಲಾಭಕ್ಕೂ ಇದೇ ಮಾತು. ಇದನ್ನು ಒಪ್ಪಿಕೊಳ್ಳುವುದು ಜಾಸ್ತಿ ಕಷ್ಟ, ಅಲ್ವಾ?

ತಪ್ಪು ಅಳತೆ ಅಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ದುಡ್ಡಿನ ಗುರಿ ಆಟವನ್ನೂ ಕೆಡಿಸುತ್ತದೆ. ಇವತ್ತು ಎರಡು ಬೈ-ಇನ್ ಬಂದರೆ ಸಾಕು ಅಂತ ಕೂತವರನ್ನು ಗಮನಿಸಿ. ಟೇಬಲ್‌ನಲ್ಲಿ ಇಬ್ಬರು ಬೇಕಾಬಿಟ್ಟಿ ಕಾಲ್ ಮಾಡುತ್ತಿದ್ದಾರೆ (ಎದುರಿನವರ ಪಣಕ್ಕೆ ಸಮನಾಗಿ ಹಾಕುತ್ತಿದ್ದಾರೆ). ಇವರ ತಲೆಯೂ ಚುರುಕಾಗಿದೆ. ಅರ್ಧ ಗಂಟೆಯಲ್ಲಿ ಎರಡು ಬೈ-ಇನ್ ಬಂತು. ಎದ್ದು ಹೋಗುತ್ತಾರೆ. ಇನ್ನೊಂದು ದಿನ ಟೇಬಲ್ ತುಂಬ ಗಟ್ಟಿ ಆಟಗಾರರು. ಇವರಿಗೆ ಸುಸ್ತು. ಎರಡು ಬೈ-ಇನ್ ಹೋಗಿದೆ. ಗುರಿ ಮುಟ್ಟಿಲ್ಲವಲ್ಲ ಅಂತ ನಡುರಾತ್ರಿವರೆಗೆ ಕೂರುತ್ತಾರೆ. ಒಳ್ಳೆಯ ಟೇಬಲ್‌ನಲ್ಲಿ ಕಡಿಮೆ ಹೊತ್ತು, ಕೆಟ್ಟ ಟೇಬಲ್‌ನಲ್ಲಿ ಜಾಸ್ತಿ ಹೊತ್ತು. 1997ರಲ್ಲಿ ಕಾಲಿನ್ ಕ್ಯಾಮರರ್ ಮತ್ತು ಜೊತೆಗಾರರು ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಬಗ್ಗೆ ಇಂಥದ್ದೇ ಬರೆದಿದ್ದರು. ಬಾಡಿಗೆ ಚೆನ್ನಾಗಿ ಸಿಗುವ ದಿನ ಚಾಲಕರು ಬೇಗ ಮನೆಗೆ ಹೋಗುತ್ತಾರೆ, ಸಿಗದ ದಿನ ತಡವಾಗಿ ಓಡಿಸುತ್ತಾರೆ, ದಿನದ ಗುರಿಯೇ ಇದಕ್ಕೆ ಕಾರಣ ಇರಬಹುದು ಅಂತ. ಆಮೇಲೆ ಬೇರೆ ಅರ್ಥಶಾಸ್ತ್ರಜ್ಞರು ಅದನ್ನು ಪ್ರಶ್ನಿಸಿದರು. ಟ್ಯಾಕ್ಸಿಯ ವಿಷಯ ಏನೇ ಇರಲಿ, ಪೋಕರ್ ಟೇಬಲ್‌ನಲ್ಲಂತೂ ಈ ನಡವಳಿಕೆ ನನ್ನ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಹಾಗಾದರೆ ಯಾವ ಗುರಿ? ತಿಂಗಳಿಗೆ ಒಂದೇ ಒಂದು ಸನ್ನಿವೇಶ ಹಿಡಿಯಿರಿ. ನಿಮಗೆ ನಾನು ಹೇಳುವುದು ಬಿಗ್ ಬ್ಲೈಂಡ್, ಅಂದರೆ ಆ ಪಣ ಹಾಕುವ ಸರದಿ ನಿಮ್ಮದಾದಾಗಿನ ಆಟ. ಎಲ್ಲರೂ ಅತಿ ಹೆಚ್ಚು ಕಳೆದುಕೊಳ್ಳುವ ಜಾಗ ಅದು. ಅಲ್ಲಿ ಪ್ರತಿ ಸಲವೂ ಫೋಲ್ಡ್ ಮಾಡಿದರೆ (ಎಲೆ ಬಿಟ್ಟುಕೊಟ್ಟರೆ) 100 ಹ್ಯಾಂಡ್‌ಗೆ 100 ಬಿಗ್ ಬ್ಲೈಂಡ್ ನಷ್ಟ. ಗಟ್ಟಿ ಆಟಗಾರರೂ ಅಲ್ಲಿ ನಷ್ಟದಲ್ಲೇ ಇರುತ್ತಾರೆ. ಅದನ್ನು ಕಡಿಮೆ ಮಾಡುವುದಷ್ಟೇ ಅವರ ಕೆಲಸ. ಬಟನ್‌ನಲ್ಲಿರುವವರು (ಆಮೇಲಿನ ಸುತ್ತುಗಳಲ್ಲಿ ಕೊನೆಗೆ ಆಡುವವರು) 2.5 ಬಿಗ್ ಬ್ಲೈಂಡ್‌ಗೆ ರೇಸ್ ಮಾಡಿದರು (ಪಣ ಏರಿಸಿದರು), ಅರ್ಧ ಬಿಗ್ ಬ್ಲೈಂಡ್ ಹಾಕಿದ್ದ ಸ್ಮಾಲ್ ಬ್ಲೈಂಡ್ ಫೋಲ್ಡ್ ಆಯಿತು ಅಂದುಕೊಳ್ಳಿ. ಪಾಟ್‌ನಲ್ಲಿ (ಸೇರಿದ ಪಣದಲ್ಲಿ) 4 ಇದೆ, ನೀವು ಹಾಕಬೇಕಾದ್ದು 1.5. ಅಂದರೆ ಶೇ. 27ರಷ್ಟು ಈಕ್ವಿಟಿ (ಪಾಟ್ ಗೆಲ್ಲುವ ಪಾಲು) ಇದ್ದರೆ ಲೆಕ್ಕ ಸರಿಹೋಗುತ್ತದೆ. ಅವರು 2 ಬಿಗ್ ಬ್ಲೈಂಡ್‌ಗೆ ಮಾತ್ರ ರೇಸ್ ಮಾಡಿದ್ದರೆ ಶೇ. 22 ಸಾಕು. ಆಮೇಲಿನ ಸುತ್ತುಗಳಲ್ಲಿ ಮೊದಲು ಮಾತಾಡಬೇಕಾದವರು ನೀವೇ ಆದ್ದರಿಂದ ಇದಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಆ ಸ್ವಲ್ಪ ಎಷ್ಟು, ಯಾವ ಎಲೆಗಳಿಗೆ ಕಾಲ್, ಯಾವುದಕ್ಕೆ ತ್ರೀ-ಬೆಟ್ (ಅವರ ರೇಸ್ ಮೇಲೆ ಮತ್ತೊಂದು ರೇಸ್)? ಒಂದು ತಿಂಗಳಿಗೆ ಇಷ್ಟೇ ಕೆಲಸ ಸಾಕು. ತಿಂಗಳ ಕೊನೆಗೆ ಹೋದ ತಿಂಗಳಿಗಿಂತ ಚೆನ್ನಾಗಿ ಗೊತ್ತಿದೆಯಾ ಇಲ್ಲವಾ ಅಂತ ನಿಮಗೇ ಹೇಳಲು ಬರುತ್ತದೆ. ಎಲೆ ಹೇಗೇ ಬಿದ್ದಿರಲಿ.

ಇದರ ಜೊತೆಗೆ ಆಡುವ ದಿನ, ಏಳುವ ಹೊತ್ತು ಮೊದಲೇ ಗೊತ್ತು ಮಾಡಿಕೊಳ್ಳಿ. ಇಷ್ಟು ಸಾವಿರ ಹ್ಯಾಂಡ್ ಅನ್ನುವ ಗುರಿ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ತಿಂಗಳ ಕೊನೆಯ ವಾರ ಬಂದಾಗ ಜನ ನಾಲ್ಕು ಟೇಬಲ್ ಬದಲು ಎಂಟು ತೆಗೆದು, ಯೋಚನೆ ಮಾಡದೆ ಕ್ಲಿಕ್ ಮಾಡುತ್ತಾರೆ. ಲೆಕ್ಕ ತುಂಬುತ್ತದೆ, ಆಟ ಹಾಳಾಗುತ್ತದೆ.

ಅದೇ ಸದಸ್ಯರು: ಅರ್ಥ ಆಯಿತು ಸರ್. ಆದರೆ ದುಡ್ಡು ನೋಡದೆ ಇದ್ದರೆ ಸುಧಾರಿಸುತ್ತಿದ್ದೇನೆ ಅಂತ ತಿಳಿಯುವುದು ಹೇಗೆ?

ಉತ್ತರ: ದುಡ್ಡಿನ ಲೆಕ್ಕ ಬರೆಯಲೇಬೇಕು. ಪ್ರತಿ ಸೆಷನ್ನಿನದೂ, ರೇಕ್ (ಆಟ ನಡೆಸುವವರು ಹಿಡಿದುಕೊಳ್ಳುವ ಪಾಲು) ಕಳೆದು. ಅದನ್ನು ದಿನಾ ತೆಗೆದು ನೋಡಬೇಡಿ ಅಷ್ಟೇ. ಗ್ರಾಫ್ ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಆಟ ಸುಧಾರಿಸಿದೆಯಾ ಅಂತ ನೋಡಲು ಹ್ಯಾಂಡ್‌ಗಳನ್ನೇ ನೋಡಬೇಕು. ಆಡುವಾಗ ನಿರ್ಧಾರ ಮಾಡಲು ತಡವರಿಸಿದ ಹ್ಯಾಂಡ್‌ಗಳಿಗೆ ಗುರುತು ಹಾಕಿಕೊಳ್ಳಿ. ಮಾರನೇ ದಿನ ಕೂತು ನೋಡಿ. ಒಂದು ಷರತ್ತು: ಆ ಹ್ಯಾಂಡ್ ಗೆದ್ದಿರೋ ಸೋತಿರೋ ಅನ್ನುವ ಭಾಗ ಮುಚ್ಚಿಟ್ಟು ನೋಡಬೇಕು. ರಿವರ್‌ನಲ್ಲಿ (ಕೊನೆಯ ಎಲೆ ಬಿದ್ದ ಮೇಲೆ) ನೀವು ಕಾಲ್ ಮಾಡಿದ ಕ್ಷಣಕ್ಕೆ ನಿಲ್ಲಿಸಿ. ಆಗ ಗೊತ್ತಿದ್ದ ವಿಷಯ ಇಟ್ಟುಕೊಂಡು ಆ ಕಾಲ್ ಸರಿಯಾ ಅಂತ ಕೇಳಿಕೊಳ್ಳಿ. ಗುಂಪಿನಲ್ಲಿ ಹಾಕುವಾಗಲೂ ಹಾಗೇ ಮಾಡಿ. ಎದುರಾಳಿಯ ಎಲೆ ಹೇಳಿದ ತಕ್ಷಣ ಎಲ್ಲರೂ ಆ ಎಲೆಗೆ ತಕ್ಕ ಉತ್ತರ ಕೊಡಲು ಶುರು ಮಾಡುತ್ತಾರೆ. ಒಳ್ಳೆಯವರೂ ಕೊಡುತ್ತಾರೆ.

ಹುಮ್ಮಸ್ಸು ವಾಪಸ್ ಬರುವುದೂ ಇಲ್ಲಿಂದಲೇ. ಹೋದ ತಿಂಗಳು ಬೆವರಿಳಿಸಿದ ಹ್ಯಾಂಡ್ ಈ ತಿಂಗಳು ಸಲೀಸಾಗಿ ಆಡಿಬಿಟ್ಟಾಗ ಸಿಗುವ ಖುಷಿ ಇದೆಯಲ್ಲ, ಸೋತ ರಾತ್ರಿಯಲ್ಲೂ ಅದು ಸಿಗುತ್ತದೆ.

ಇನ್ನೊಬ್ಬ ಸದಸ್ಯರು: ಒಂದು ಆಕ್ಷೇಪ ಸರ್. ಕ್ರಿಸ್ ಫರ್ಗುಸನ್ ಸೊನ್ನೆಯಿಂದ ಶುರು ಮಾಡಿ 10,000 ಡಾಲರ್ ಮುಟ್ಟುತ್ತೇನೆ ಅಂತ ಹೊರಟು ಮುಟ್ಟಿಯೇ ತೋರಿಸಿದರಲ್ಲ? ಅದು ದುಡ್ಡಿನ ಗುರಿಯೇ ತಾನೆ?

ಉತ್ತರ: ಒಳ್ಳೆಯ ಪ್ರಶ್ನೆ. ಹೌದು, ಹೆಸರಿಗೆ ದುಡ್ಡಿನ ಗುರಿಯೇ. 2000ದ ಪೋಕರ್ ವರ್ಲ್ಡ್ ಸೀರೀಸ್‌ನ ಮುಖ್ಯ ಟೂರ್ನಮೆಂಟ್ (ಮೇನ್ ಈವೆಂಟ್) ಗೆದ್ದವರು ಆಮೇಲೆ ದುಡ್ಡಿಲ್ಲದೆ ಆಡುವ ಫ್ರೀರೋಲ್‌ಗಳಲ್ಲಿ ಕೂತು ಶುರು ಮಾಡಿದರು. ಆದರೆ ಅವರು ಹಾಕಿಕೊಂಡ ನಿಯಮಗಳನ್ನು ನೋಡಿ. ಕ್ಯಾಶ್ ಟೇಬಲ್‌ಗೆ ಒಟ್ಟು ಬ್ಯಾಂಕ್‌ರೋಲ್‌ನ (ಆಟಕ್ಕೆಂದೇ ಎತ್ತಿಟ್ಟ ದುಡ್ಡಿನ) ಶೇ. 5ಕ್ಕಿಂತ ಜಾಸ್ತಿ ತರಬಾರದು. ದೊಡ್ಡ ಟೂರ್ನಮೆಂಟಿಗೆ ಶೇ. 2. ಟೇಬಲ್ ಮೇಲಿರುವ ದುಡ್ಡು ಬ್ಯಾಂಕ್‌ರೋಲ್‌ನ ಶೇ. 10 ದಾಟಿದರೆ ಎದ್ದು ಹೋಗಬೇಕು. ಇಷ್ಟು ದಿನದೊಳಗೆ ಆಗಲೇಬೇಕು ಅಂತ ಒತ್ತಡ ಹಾಕಿಕೊಂಡಿರಲಿಲ್ಲ. ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ದಿನದಿನದ ಆಟವನ್ನು ನಡೆಸಿದ್ದು ಆ ನಿಯಮಗಳು. ನೀವೂ ಗಡುವಿಲ್ಲದ ದೊಡ್ಡ ಗುರಿಯೊಂದನ್ನು ಬರೆದಿಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಮುಂದಿನ ಸ್ಟೇಕ್‌ಗೆ ಹೋಗಲು ನಲವತ್ತು ಬೈ-ಇನ್ ಆಗಬೇಕು, ಮೂವತ್ತಕ್ಕೆ ಇಳಿದರೆ ವಾಪಸ್ ಬರಬೇಕು, ಇಂಥದ್ದು. ವಾಪಸ್ ಬರುವುದನ್ನೂ ಮೊದಲೇ ಬರೆದಿಡಿ. ಸೋತ ಹೊತ್ತಿನಲ್ಲಿ ಹೊಸದಾಗಿ ಯೋಚಿಸಿ ಇಳಿಯುವವರು ಬಹಳ ಕಡಿಮೆ.

ಇನ್ನೊಬ್ಬ ಸದಸ್ಯರು: ನಾನು ಟೂರ್ನಮೆಂಟ್ ಮಾತ್ರ ಆಡುವವಳು. ಬಹುಮಾನದ ಜಾಗಕ್ಕೆ ಬರದೇ ಹತ್ತಕ್ಕೂ ಜಾಸ್ತಿ ಆಟ ಆಯಿತು. ಆಟ ಮರೆತೇಹೋಯಿತಾ ಅನಿಸುತ್ತಿದೆ.

ಉತ್ತರ: ಮರೆತಿಲ್ಲ ಮೇಡಂ. ಟೂರ್ನಮೆಂಟ್‌ನಲ್ಲಿ ಸಾಮಾನ್ಯವಾಗಿ ಶೇ. 10ರಿಂದ 15ರಷ್ಟು ಜನಕ್ಕೆ ಮಾತ್ರ ದುಡ್ಡು ಸಿಗುತ್ತದೆ. ನೀವು ಶೇ. 18ರಷ್ಟು ಸಲ ಆ ಜಾಗಕ್ಕೆ ಬರುವ ಒಳ್ಳೆಯ ಆಟಗಾರ್ತಿ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಸತತ ಹತ್ತು ಸಲ ಬರಿಗೈಯಲ್ಲಿ ಬರುವ ಸಾಧ್ಯತೆ ಶೇ. 14ರ ಹತ್ತಿರ. ಅದೂ ಬಹುಮಾನದ ದೊಡ್ಡ ಪಾಲು ಮೊದಲ ಕೆಲವು ಜಾಗಗಳಿಗೇ ಹೋಗುತ್ತದೆ. ಹೇಗಾದರೂ ದುಡ್ಡಿನ ಜಾಗಕ್ಕೆ ಬಂದರೆ ಸಾಕು ಅಂತ ಗುರಿ ಇಟ್ಟುಕೊಂಡರೆ ಬಬಲ್ (ಬಹುಮಾನದ ಜಾಗ ಶುರುವಾಗುವ ಅಂಚು) ಹತ್ತಿರ ಬಂದಾಗ ಮುದುಡಿಕೊಂಡು ಆಡುತ್ತೀರಿ. ಎದುರಿನವರು ಅದೇ ಹೊತ್ತಿನಲ್ಲಿ ನಿಮ್ಮ ಬ್ಲೈಂಡ್ ಕದಿಯುತ್ತಾರೆ. 2003ರಲ್ಲಿ ಕ್ರಿಸ್ ಮನಿಮೇಕರ್ ಸಣ್ಣ ಆನ್‌ಲೈನ್ ಸ್ಯಾಟಲೈಟ್‌ನಿಂದ (ದೊಡ್ಡ ಟೂರ್ನಮೆಂಟಿಗೆ ಪ್ರವೇಶ ಗೆಲ್ಲುವ ಆಟದಿಂದ) ಬಂದು ಅದೇ ಮೇನ್ ಈವೆಂಟ್‌ನಲ್ಲಿ 839 ಜನರ ನಡುವೆ 25 ಲಕ್ಷ ಡಾಲರ್ ಗೆದ್ದ ಕತೆ ಎಲ್ಲರಿಗೂ ಹುಮ್ಮಸ್ಸು ಕೊಡುತ್ತದೆ. ಅದರ ಹಿಂದಿನ 838 ಜನರಲ್ಲೂ ಚೆನ್ನಾಗಿ ಆಡಿದವರು ಇದ್ದರು. ನಿಮ್ಮ ಬ್ಯಾಂಕ್‌ರೋಲ್‌ನಲ್ಲಿ ನೂರು ಬೈ-ಇನ್ (ಟೂರ್ನಮೆಂಟಿನ ಪ್ರವೇಶದ ದುಡ್ಡು) ಆದರೂ ಬೇಕು, ಇನ್ನೂರು ಇದ್ದರೆ ವಾಸಿ. ಈ ತಿಂಗಳ ವಿಷಯವಾಗಿ 15 ಬಿಗ್ ಬ್ಲೈಂಡ್‌ಗಿಂತ ಕಡಿಮೆ ಸ್ಟ್ಯಾಕ್ (ನಿಮ್ಮ ಮುಂದಿರುವ ಚಿಪ್ಸ್) ಇದ್ದಾಗಿನ ಆಲ್-ಇನ್ (ಅಷ್ಟನ್ನೂ ಪಣಕ್ಕಿಡುವುದು) ತೆಗೆದುಕೊಳ್ಳಿ. ಪ್ರತಿ ಟೂರ್ನಮೆಂಟ್‌ನಲ್ಲೂ ಬರುವ ಸಂದರ್ಭ ಅದು, ಉತ್ತರವೂ ಲೆಕ್ಕದಿಂದ ಸಿಗುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ಈ ವಾರ ಎಕ್ಕಾ ಜೋಡಿ ಇಟ್ಟುಕೊಂಡು ರಾಜನ ಜೋಡಿಗೆ ಸೋತೆ. ಆಮೇಲೆ ಟಿಲ್ಟ್ ಆಗಿ (ಮನಸ್ಸಿನ ಹಿಡಿತ ತಪ್ಪಿ) ಇನ್ನೂ ಮೂರು ಬೈ-ಇನ್ ಕಳೆದೆ. ನಿಯಮ ಎಲ್ಲ ಗೊತ್ತು. ಆ ಹೊತ್ತಿಗೆ ಒಂದೂ ನೆನಪಾಗಲ್ಲ.

ಉತ್ತರ: ಎಕ್ಕಾ ಜೋಡಿ ರಾಜನ ಜೋಡಿಗೆ ಶೇ. 18ರಷ್ಟು ಸಲ ಸೋಲುತ್ತದೆ. ಐದಾರು ಸಲಕ್ಕೆ ಒಮ್ಮೆ. ಗೊತ್ತಿದ್ದರೂ ನೋಯುತ್ತದೆ. ಕಳೆದುಕೊಂಡ ದುಡ್ಡು ಗೆದ್ದ ಅಷ್ಟೇ ದುಡ್ಡಿಗಿಂತ ತುಂಬ ಜಾಸ್ತಿ ಕಾಡುತ್ತದೆ ಅಂತ ಡೇನಿಯಲ್ ಕಾಹ್ನೆಮನ್ ಮತ್ತು ಏಮೊಸ್ ಟ್ವೆರ್ಸ್ಕಿ 1979ರಲ್ಲೇ ಬರೆದರು. ಆ ಕ್ಷಣದಲ್ಲಿ "ಶಾಂತವಾಗಿರುತ್ತೇನೆ" ಅನ್ನುವ ಸಂಕಲ್ಪ ನಿಲ್ಲುವುದಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ತೋರಿಸಿದ ದಾರಿ ಇಲ್ಲಿ ಕೆಲಸಕ್ಕೆ ಬರುತ್ತದೆ: "ಹೀಗಾದರೆ ಹೀಗೆ ಮಾಡುತ್ತೇನೆ" ಅಂತ ಮೊದಲೇ ಬರೆದಿಡುವುದು. "ಪೂರ್ತಿ ಸ್ಟ್ಯಾಕ್ ಹೋದರೆ ಮುಂದಿನ ಹ್ಯಾಂಡ್ ಆಡದೆ ಸಿಟ್-ಔಟ್ ಒತ್ತಿ ಎದ್ದು ನಿಲ್ಲುತ್ತೇನೆ." ಎದ್ದು ನಿಲ್ಲುವುದು ಯಾರಿಗಾದರೂ ಬರುತ್ತದೆ. ಶಾಂತವಾಗುವುದು ಆಮೇಲೆ. ಎರಡು ಬೈ-ಇನ್ ಹೋದರೆ ಆ ದಿನದ ಆಟ ಮುಗಿಯಿತು ಅಂತಲೂ ಬರೆದುಕೊಳ್ಳಿ. ಲೆಕ್ಕದ ಪ್ರಕಾರ ಇದಕ್ಕೆ ಅರ್ಥವಿಲ್ಲ, ಮುಂದಿನ ಎಲೆಗೆ ನಿಮ್ಮ ನಷ್ಟ ಗೊತ್ತಿರುವುದಿಲ್ಲ. ಆದರೆ ನಿಮಗೆ ಗೊತ್ತಿರುತ್ತದಲ್ಲ, ಅದಕ್ಕೇ ಈ ನಿಯಮ.

ಇನ್ನೊಬ್ಬ ಸದಸ್ಯರು: ಕೆಲಸ ಬಿಟ್ಟು ಪೂರ್ತಿ ಪೋಕರ್‌ಗೆ ಇಳಿದರೆ ಹುಮ್ಮಸ್ಸು ತಾನಾಗಿ ಬರಲ್ವಾ ಸರ್?

ಉತ್ತರ: ಬರಲ್ಲ. ಮನೆ ಖರ್ಚು ಎಲೆಯ ಮೇಲೆ ನಿಂತರೆ ಪ್ರತಿ ತಿಂಗಳೂ ದುಡ್ಡಿನ ಗುರಿಯೇ ಆಗಿಬಿಡುತ್ತದೆ. ಮೊದಲು ನೀವಿರುವ ಕಡೆ ಕಾನೂನು ಏನಿದೆ ನೋಡಿ. ದುಡ್ಡಿಟ್ಟು ಆಡುವುದಕ್ಕೇ ಕೆಲವು ಕಡೆ ನಿಷೇಧ ಇದೆ. ಅದು ಸರಿಯಿದ್ದರೂ ಒಂದು ವರ್ಷದ ಮನೆ ಖರ್ಚು ಬ್ಯಾಂಕ್‌ರೋಲ್‌ನಿಂದ ಬೇರೆಯಾಗಿ ಇರಬೇಕು, ಕೆಲವು ಲಕ್ಷ ಹ್ಯಾಂಡ್‌ಗಳ ಗೆಲುವಿನ ದಾಖಲೆ ಇರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸ ಬಿಡಬೇಡಿ.

ಇನ್ನೊಬ್ಬ ಸದಸ್ಯರು: ಹೆಸರು ಹಾಕದೆ ಕೇಳುತ್ತಿದ್ದೇನೆ. ನನಗೆ ಹುಮ್ಮಸ್ಸು ಕಡಿಮೆಯಾಗಿಲ್ಲ. ನಿಲ್ಲಿಸಲು ಆಗುತ್ತಿಲ್ಲ. ಹೋದದ್ದನ್ನು ವಾಪಸ್ ತರಬೇಕು ಅಂತ ದೊಡ್ಡ ಸ್ಟೇಕ್‌ಗೆ ಹೋಗಿದ್ದೇನೆ. ಸಾಲ ಆಗಿದೆ, ಮನೆಯಲ್ಲಿ ಗೊತ್ತಿಲ್ಲ. ಯಾವ ಗುರಿ ಇಟ್ಟುಕೊಳ್ಳಲಿ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಮೇಲೆ ನಾನು ಹೇಳಿದ ಯಾವುದೂ ನಿಮಗಲ್ಲ. ಸಾಲ ಮಾಡಿ ಆಡುವುದು, ಮುಚ್ಚಿಡುವುದು, ಹೋದದ್ದನ್ನು ತರಲು ಸ್ಟೇಕ್ ಏರಿಸುವುದು, ಇವು ಮೂರೂ ಜೂಜಿನ ಚಟದ ಗುರುತುಗಳು. ಇದಕ್ಕೆ ಚಿಕಿತ್ಸೆ ಇದೆ, ಜನ ಹೊರಗೆ ಬರುತ್ತಾರೆ. ಇನ್ನೂ ಚೆನ್ನಾಗಿ ಆಡಿ ತೀರಿಸುತ್ತೇನೆ ಅನ್ನುವ ಯೋಚನೆ ಪಕ್ಕಕ್ಕಿಡಿ. ಇವತ್ತೇ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಸೆಲ್ಫ್-ಎಕ್ಸ್‌ಕ್ಲೂಷನ್ (ನಿಮ್ಮನ್ನು ನೀವೇ ಆಟದಿಂದ ಹೊರಗಿಡುವ ಸೌಲಭ್ಯ) ಹುಡುಕಿ, ಸಿಗುವಷ್ಟು ದೀರ್ಘ ಅವಧಿಗೆ ಹಾಕಿ. ಅದು ಇಲ್ಲದಿದ್ದರೆ ಖಾತೆಯನ್ನೇ ಮುಚ್ಚಿಸಿ. ಮನೆಯಲ್ಲಿ ನಿಮ್ಮನ್ನು ಬೈದರೂ ಕೈಬಿಡದ ಒಬ್ಬರಿಗೆ ಸಾಲದ ಪೂರ್ತಿ ಮೊತ್ತ ಹೇಳಿ, ಅರ್ಧ ಹೇಳಬೇಡಿ. ಮನೋವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಈ ವಾರವೇ ನೋಡಿ. ಎಲ್ಲ ಕೈಮೀರಿತು, ಬದುಕುವುದೇ ಬೇಡ ಅನ್ನುವ ಯೋಚನೆ ಬಂದರೆ ವಾರದವರೆಗೆ ಕಾಯಬೇಡಿ, ಆ ಗಳಿಗೆಯಲ್ಲೇ ಯಾರಿಗಾದರೂ ಫೋನ್ ಮಾಡಿ ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ. ಮನೆಯವರಿಗೆ ಹೇಗೆ ಹೇಳುವುದು ಅಂತ ತೋಚದಿದ್ದರೆ ನನಗೆ ಖಾಸಗಿಯಾಗಿ ಬರೆಯಿರಿ, ಕೂತು ಮಾತಾಡೋಣ.