ಮಗುವಿನ ಮೈಮೇಲೆ ಕೆಂಪು ಗಂಟು, ನೀಲಿ ಗಂಟು: ಮಕ್ಕಳ ಸರ್ಜನ್‌ಗೆ ಕೇಳಿ (ವಿಜಯಪುರ–ಬಾಗಲಕೋಟೆ ಪಾಲಕರ ಬಳಗ)

ಇಳಕಲ್ ಅಮ್ಮ: ಡಾಕ್ಟ್ರೇ, ಮಗನಿಗೆ 3 ತಿಂಗಳು. ಹುಟ್ಟಿದಾಗ ಭುಜದ ಮೇಲೆ ಏನೂ ಇರಲಿಲ್ಲ. ಹದಿನೈದು ದಿನಕ್ಕೆ ಕೆಂಪು ಚುಕ್ಕೆ ಬಂತು, ಈಗ ಗಜ್ಜುಗದಷ್ಟು ಉಬ್ಬಿದೆ. ಆಪರೇಷನ್ ಬೇಕಾ?

ಡಾಕ್ಟರ್: ನೀವು ಹೇಳಿದ್ದು ನೋಡಿದರೆ ಹೆಮಾಂಜಿಯೋಮಾ, ಅಂದ್ರೆ ರಕ್ತನಾಳಗಳು ಗುಂಪಾಗಿ ಬೆಳೆದ ಗಂಟು ಇರಬೇಕು. ಮೊದಲ ಐದು ತಿಂಗಳು ಜೋರಾಗಿ ಬೆಳೆಯುತ್ತದೆ, ವರ್ಷ ದಾಟಿದ ಮೇಲೆ ನಿಧಾನಕ್ಕೆ ಕುಗ್ಗುತ್ತದೆ. ಹುಣ್ಣಾಗಿಲ್ಲ ಅಂದ್ರೆ ಕಾಯಬಹುದು. ಆದರೂ ಒಮ್ಮೆ ತೋರಿಸಿ. ಮೈಮೇಲೆ ಐದು ಅಥವಾ ಜಾಸ್ತಿ ಇದ್ದರೆ ಲಿವರ್‌ನಲ್ಲೂ ಇದೆಯಾ ನೋಡಲು ಸ್ಕ್ಯಾನ್ ಬೇಕು.

ಸಿಂದಗಿ ಅಣ್ಣ: ಸುಣ್ಣ-ಬೆಲ್ಲ ಕಲಸಿ ಹಚ್ಚಿದರೆ ಉದುರುತ್ತದೆ ಅಂತ ಫಾರ್ವರ್ಡ್ ಬಂದಿದೆ ಸರ್.

ಡಾಕ್ಟರ್: ಸುಣ್ಣ ಚರ್ಮ ಸುಡುತ್ತದೆ. ಹುಣ್ಣಾಗಿ ರಕ್ತ ಸೋರುತ್ತದೆ, ಕಲೆ ಹಾಗೇ ಉಳಿಯುತ್ತದೆ. ಬರೆ ಹಾಕಿಸುವುದೂ ಬೇಡ. ಅಳಿಸಿ ಅದನ್ನ.

ಬಾಗೇವಾಡಿ ಅಕ್ಕ: ತಂಗಿ ಮಗಳಿಗೆ 2 ತಿಂಗಳು. ಗದ್ದ, ಕೆಳದುಟಿ ಸುತ್ತ ಕೆಂಪಗೆ ಹರಡಿದೆ. ನಿನ್ನೆಯಿಂದ ಉಸಿರಾಡುವಾಗ ಗೊರ್ ಅಂತ ಶಬ್ದ, ಅತ್ತರೆ ಜಾಸ್ತಿ. ಶೀತ ಅಂತ ಸಿರಪ್ ಕೊಟ್ಟಿದ್ದಾರೆ.

ಡಾಕ್ಟರ್: ಅಕ್ಕಾ, ಓದಿದ ಕೂಡಲೇ ಹೊರಡಿ. ಗಂಡಸರಿಗೆ ಗಡ್ಡ ಬರುವ ಜಾಗದಲ್ಲಿ ಹೆಮಾಂಜಿಯೋಮಾ ಹರಡಿದ್ದರೆ ಗಂಟಲೊಳಗೂ ಇರಬಹುದು. ಅದು ಬೆಳೆದಂತೆ ಉಸಿರಿನ ದಾರಿ ಕಿರಿದಾಗುತ್ತದೆ. ಶೀತ ಅಂತ ಕೂರಬೇಡಿ. ಮಕ್ಕಳ ಐಸಿಯು, ಇಎನ್‌ಟಿ ಎರಡೂ ಇರುವ ವಿಜಯಪುರದ ದೊಡ್ಡ ಆಸ್ಪತ್ರೆಗೆ ಹೋಗಿ. ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಕ್ಯಾಮೆರಾ ಹಾಕಿ ಗಂಟಲು ನೋಡುತ್ತಾರೆ. ಅದೇ ಅಂತಾದರೆ ಪ್ರೊಪ್ರಾನೊಲಾಲ್ ಶುರು ಮಾಡುತ್ತಾರೆ. ಅದು ಹೃದಯ, ಬಿಪಿಗೆ ಕೊಡುತ್ತಿದ್ದ ಹಳೆ ಔಷಧಿ. ಹೃದಯಕ್ಕೆ ಅಂತ ಕೊಟ್ಟ ಮಗುವಿನಲ್ಲಿ ಗಂಟೂ ಕುಗ್ಗಿದ್ದನ್ನು ಫ್ರಾನ್ಸಿನ ಬೋರ್ಡೊ ವೈದ್ಯರು ಕಂಡು 2008ರಲ್ಲಿ ಬರೆದರು. ಈಗ ಎಲ್ಲ ಕಡೆ ಅದೇ ಮೊದಲ ಔಷಧಿ. ಹಾಲು ಕುಡಿಸಿದ ಮೇಲೇ ಕೊಡಬೇಕು. ಮಗು ಹಾಲು ಬಿಟ್ಟರೆ, ವಾಂತಿ ಮಾಡಿದರೆ ನಿಲ್ಲಿಸಿ ಡಾಕ್ಟರನ್ನು ಕೇಳಬೇಕು, ಇಲ್ಲಾಂದ್ರೆ ರಕ್ತದ ಸಕ್ಕರೆ ಕುಸಿಯುತ್ತದೆ. ಅಜ್ಜನ ಬಿಪಿ ಮಾತ್ರೆ ಪುಡಿ ಮಾಡಿ ಕುಡಿಸುವ ಸಾಹಸ ಯಾರೂ ಮಾಡಬೇಡಿ.

ಬಾಗೇವಾಡಿ ಅಕ್ಕ: ಗಾಡಿ ಹೇಳಿದ್ದೇವೆ ಸರ್. ಹೊರಟೆವು.

ಮುಧೋಳ ಮಾಮಾ: ಬಸುರಿ ಗ್ರಹಣದಲ್ಲಿ ಹೊರಗೆ ಬಂದರೆ ಹೀಗೇ ಆಗೋದು.

ಇಳಕಲ್ ಅಮ್ಮ: ನಾನು ಬಾಗಿಲು ಹಾಕಿಕೊಂಡೇ ಕೂತಿದ್ದೆ ರೀ. ನನ್ನ ಮಗನಿಗೆ ಯಾಕೆ ಬಂತು?

ಮುಧೋಳ ಮಾಮಾ: ಕಿಟಕಿ ತೆರೆದಿರಬೇಕು.

ಜಮಖಂಡಿ ಅಕ್ಕ: ಏನೇ ಆದರೂ ತಾಯಿ ತಲೆಗೇ ಕಟ್ಟಿ. ಸೂರ್ಯನನ್ನೇ ಕೇಳಿಕೊಂಡು ಬಂದಿದ್ದೀರಾ?

ಮುಧೋಳ ಮಾಮಾ: ಹಿರಿಯರಿಗೆ ಮಾತಾಡೋ ರೀತಿನಾ ಇದು?

ಗೋಕಾಕ ಅಪ್ಪ: ಜಗಳ ಸಾಕ್ರೀ. ಸರ್, ಮಗಳಿಗೆ ಹುಟ್ಟಿದಾಗಿನಿಂದ ಹಣೆ, ರೆಪ್ಪೆ ಮೇಲೆ ಚಪ್ಪಟೆ ಕೆಂಪು ಕಲೆ. ಇದೂ ತಾನಾಗಿ ಹೋಗುತ್ತಾ?

ಡಾಕ್ಟರ್: ಹೋಗದಿರಬಹುದು. ಇದು ಪೋರ್ಟ್ ವೈನ್ ಕಲೆ, ಅಂದ್ರೆ ಹುಟ್ಟಿನಿಂದಲೇ ಹಿಗ್ಗಿದ ರಕ್ತನಾಳಗಳ ಕಲೆ ಇರಬಹುದು. ಹಾಗಿದ್ದರೆ ಅದು ಮಗುವಿನ ಜೊತೆಗೇ ಬೆಳೆಯುತ್ತದೆ. ಹಣೆ, ರೆಪ್ಪೆ ಮೇಲಿದ್ದರೆ ಕಣ್ಣು, ಮಿದುಳಿಗೂ ತಟ್ಟಿರಬಹುದು, ಅದಕ್ಕೇ ಕಣ್ಣಿನ ಒತ್ತಡ ಈ ವಾರವೇ ನೋಡಿಸಿ. ಫಿಟ್ಸ್ ಬಂದಿದ್ದರೆ ಮಿದುಳಿನ ಎಂಆರ್‌ಐ ಕೂಡ. ಕಲೆ ತಿಳಿಯಾಗಲು ಲೇಸರ್ ಇದೆ, ಹಲವು ಸಲ ಮಾಡಿಸಬೇಕು.

ಸವದತ್ತಿ ಅಪ್ಪ: ಮಗನ ಕಾಲಲ್ಲಿ ನೀಲಿ ಗಂಟು. ನಿಂತರೆ ಉಬ್ಬುತ್ತದೆ, ಮಲಗಿದರೆ ಇಳಿಯುತ್ತದೆ. ಇಂಜೆಕ್ಷನ್‌ಗೆ ಖರ್ಚೆಷ್ಟು?

ತಾಳಿಕೋಟಿ ಅಮ್ಮ: 4 ತಿಂಗಳ ಮಗಳ ತೋಳಲ್ಲಿ ಕೆಂಪು ಗಂಟು. ಆಪರೇಷನ್ ಬೇಕಾ?

ಡಾಕ್ಟರ್: ಮೇಲೆ ಓದಿ.

ಸಿಂದಗಿ ಅಣ್ಣ: ಸುಣ್ಣ ಬೇಡ ಅಂದ್ರೆ ನಿಂಬೆರಸ ನಡೆಯುತ್ತಾ ಸರ್?

ಡಾಕ್ಟರ್: ಉಪ್ಪು, ಖಾರ ಹಾಕಿ ಉಪ್ಪಿನಕಾಯಿಗೆ ನಡೆಯುತ್ತದೆ. ಮಗುವಿಗೆ ಬೇಡ. ಒಪಿಡಿ ಇದೆ, ಹೊರಟೆ.

ಸವದತ್ತಿ ಅಪ್ಪ: ಸರ್, ನನ್ನದು?