ಎಂಎಸ್ ಇದೆ, ಈಗ ಗರ್ಭಕೋಶ ತೆಗ್ಸಿ ಅಂತಿದಾರೆ, ಮಾಡ್ಸಿಕೊಂಡೋರು ಯಾರಾದ್ರೂ ಇದೀರಾ?

ದಾವಣಗೆರೆ_ಟೀಚರ್

ಎಲ್ರಿಗೂ ನಮಸ್ಕಾರ. ನಂಗೆ 43, ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು ಬೆನ್ನುಹುರಿಯ ನರದ ಕಾಯಿಲೆ) ಅಂತ ಗೊತ್ತಾಗಿ ಏಳೆಂಟು ವರ್ಷ ಆಯ್ತು, ರಿಲ್ಯಾಪ್ಸಿಂಗ್ ರೆಮಿಟಿಂಗ್ ಟೈಪು, ಅಂದ್ರೆ ಆಗಾಗ ಕೆರಳಿ (ರಿಲ್ಯಾಪ್ಸ್) ಆಮೇಲೆ ಇಳಿಯೋದು, ಆರು ತಿಂಗಳಿಗೊಂದ್ಸಲ ಬೆಂಗ್ಳೂರಿಗೆ ಹೋಗಿ ಎಂಎಸ್ ಹತೋಟಿಗೆ ರಿಟುಕ್ಸಿಮ್ಯಾಬ್ ಡ್ರಿಪ್ ಹಾಕಿಸ್ಕೊಂಡು ಬರ್ತೀನಿ. ಎಡಗಾಲು ಸ್ವಲ್ಪ ಎಳೆಯುತ್ತೆ, ದೂರ ನಡೀಬೇಕಂದ್ರೆ ಕೋಲು ಬೇಕು, ಯೂರಿನ್ ತಡ್ಕೊಳಕ್ಕಾಗಲ್ಲ. ಅದೆಲ್ಲಾ ಹೆಂಗೋ ಅಭ್ಯಾಸ ಆಗಿತ್ತು, ಆದ್ರೆ ಈಗ ಒಂದೂವರೆ ವರ್ಷದಿಂದ ಪೀರಿಯಡ್ಸ್ ವಿಪರೀತ, ಹತ್ತತ್ತು ದಿನ ಹೋಗುತ್ತೆ, ಮೊದಲೆರಡು ದಿನ ಗಂಟೆಗೊಂದು ಪ್ಯಾಡ್ ಬೇಕು, ಗಡ್ಡೆಗಡ್ಡೆಯಾಗಿ ಬೀಳುತ್ತೆ. ಸ್ಕ್ಯಾನಿಂಗಲ್ಲಿ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಜೊತೆಗೆ ಅಡಿನೋಮಯೋಸಿಸ್ (ಒಳಪದರ ಗರ್ಭಕೋಶದ ಗೋಡೆಯೊಳಗೆ ಬೆಳೆಯೋದು) ಅಂತ ಬಂದಿದೆ. ಹೀಮೋಗ್ಲೋಬಿನ್ 7.8.

ಆ ದಿನಗಳಲ್ಲಿ ಎಂಎಸ್ ಕೂಡ ಕೆರಳುತ್ತೆ. ಹೊಟ್ಟೆನೋವಿಗೆ ಅಂತ ಬಿಸಿನೀರಿನ ಬ್ಯಾಗ್ ಇಟ್ಕೊಂಡ್ರೆ ಅರ್ಧ ಗಂಟೇಲಿ ಕಾಲಲ್ಲಿ ಶಕ್ತಿನೇ ಇರಲ್ಲ, ಗೋಡೆ ಹಿಡ್ಕೊಂಡು ಬಾತ್‌ರೂಮ್ ಮುಟ್ಟೋಷ್ಟರಲ್ಲಿ ನೈಟಿ ಎಲ್ಲಾ ಆಗಿರುತ್ತೆ. ಸ್ಕೂಲಲ್ಲಿ ಕೂತ್ಕೊಂಡೇ ಪಾಠ ಮಾಡ್ತಿದೀನಿ.

ಇಲ್ಲಿನ ಲೇಡಿ ಡಾಕ್ಟ್ರು "ಮಕ್ಕಳಾಗಿದೆ ತಾನೆ, ಗರ್ಭಕೋಶ ಓವರಿ ಎರಡೂ ತೆಗೆದ್ಬಿಡೋಣ, ಮುಂದೆ ಕ್ಯಾನ್ಸರ್ ಭಯಾನೂ ಇರಲ್ಲ" ಅಂತಾರೆ. ನ್ಯೂರೋ ಡಾಕ್ಟ್ರು "ಅವರು ಹೇಳಿದ್ರೆ ಮಾಡ್ಸಿ, ನಮ್ಮದೇನೂ ಅಬ್ಜೆಕ್ಷನ್ ಇಲ್ಲ" ಅಂತ ಅಷ್ಟಕ್ಕೇ ಮುಗಿಸ್ತಾರೆ. ಅತ್ತೆ ಅಂತೂ ಓಣೀಲಿ ಯಾರ್ಯಾರು ತೆಗ್ಸಿದಾರೆ ಅಂತ ಲಿಸ್ಟೇ ಹೇಳ್ತಾರೆ, ಅವರ್ಯಾರಿಗೂ ಎಂಎಸ್ ಇಲ್ವಲ್ಲ. ಅನಸ್ತೇಶಿಯಾ ಕೊಟ್ರೆ ರಿಲ್ಯಾಪ್ಸ್ ಆಗುತ್ತಾ? ಮೆನೋಪಾಸ್ ಆದ್ಮೇಲೆ ಎಂಎಸ್ ಜಾಸ್ತಿ ಆಗುತ್ತೆ ಅನ್ನೋದು ನಿಜಾನಾ? ದಯವಿಟ್ಟು ಅನುಭವ ಇರೋರು ಹೇಳಿ.

ಹುಬ್ಬಳ್ಳಿ_ವೈನಿ

ಟೀಚರ್ ಅವರ, ನಾನು ಮಾಡಿಸ್ಕೊಂಡೇನ್ರಿ, ಎಂಎಸ್ ಇಟ್ಕೊಂಡ. ನನಗ ಆಗ 45, ಗರ್ಭಚೀಲ ತಗದಾರ, ಓವರಿ ಇಟ್ಟಾರ. ನಿಮ್ಮ ಡಾಕ್ಟ್ರು ಎರಡನ್ನೂ ಒಂದ ಮಾತಿನಾಗ ಹೇಳಿದ್ದ ನನಗ ಸರಿ ಬರ್ಲಿಲ್ಲ ನೋಡ್ರಿ. ಅವು ಎರಡು ಬ್ಯಾರೆ ಬ್ಯಾರೆ ನಿರ್ಧಾರ. ಗರ್ಭಚೀಲ ತಗದ್ರ ಬ್ಲೀಡಿಂಗ್ ನಿಂದರತದ, ಹಾರ್ಮೋನ್ ಹಂಗ ಇರತಾವ. ಓವರಿ ತಗದ್ರ ಮರುದಿನಾನ ಮೆನೋಪಾಸ್, ಮೈಯೆಲ್ಲಾ ಧಗಧಗ ಅಂತದ, ಬಿಸಿನೀರಿನ ಬ್ಯಾಗಿಗೇ ಕಾಲು ಸೋಲತಾವ ಅಂದ್ರ ದಿನಕ್ಕ ಎಷ್ಟು ಸಲ ಆ ಧಗಿ ತಡ್ಕೊತೀರಿ? ಮ್ಯಾಲೆ ನಮಗ ರಿಲ್ಯಾಪ್ಸಿಗೆಲ್ಲಾ ಸ್ಟೆರಾಯ್ಡ್ ಹಾಕ್ಯಾರ, ಎಲುಬು ಮದಲ ಸವದಿರತಾವ, ಈಸ್ಟ್ರೋಜನ್ನೂ ಹೋದ್ರ ಮುಗೀತು. ಕ್ಯಾನ್ಸರ್ ಭಯ ಇದ್ರ ಓವರಿ ಬಿಟ್ಟು ಬರೇ ಟ್ಯೂಬ್ ತಗಸ್ರಿ, ಅದರಿಂದಾನ ಓವರಿ ಕ್ಯಾನ್ಸರ್ ಸಾಧ್ಯತಾ ಕಡಿಮಿ ಆಗತದಂತ ನಮ್ಮ ಡಾಕ್ಟ್ರು ಹೇಳಿದ್ರು, ನನಗ ಹಂಗ ಮಾಡ್ಯಾರ. ನಿಮ್ಮ ತಾಯಿಗೋ ಅಕ್ಕತಂಗ್ಯಾರಿಗೋ ಬ್ರೆಸ್ಟ್, ಓವರಿ ಕ್ಯಾನ್ಸರ್ ಆಗಿದ್ರ ಆ ಮಾತು ಬ್ಯಾರೆ.

ನನಗಂತೂ ಮಾಡಿಸಿದ್ದು ಚಲೋ ಆತು. ಆದ್ರ ನಡಗಿ ಮದಲಿನಗತೆ ಆಗತದ ಅಂತ ಆಸೆ ಇಟ್ಕೋಬ್ಯಾಡ್ರಿ, ಎಂಎಸ್ ಇರೋದು ಇದ್ದ ಇರತದ.

ಮತ್ತು_ಡಾಕ್ಟ್ರು

ನಾನು ಅನಸ್ತೇಶಿಯಾ ಡಾಕ್ಟ್ರು, ಮೈಸೂರು ಕಡೆ. ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ. ಆಪರೇಷನ್ನಿಂದ ಅಥವಾ ಅನಸ್ತೇಶಿಯಾದಿಂದ ರಿಲ್ಯಾಪ್ಸ್ ಹೆಚ್ಚಾಗುತ್ತೆ ಅನ್ನೋದು ಈವರೆಗಿನ ಅಧ್ಯಯನಗಳಲ್ಲಿ ಕಂಡಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಡೋದಕ್ಕೆ ಹಳೇಕಾಲದವರು ಹೆದರೋರು, ಈಗ ಎಂಎಸ್ ಇರೋ ಬಸುರಿಯರಿಗೆ ಎಪಿಡ್ಯೂರಲ್, ಸ್ಪೈನಲ್ ಎರಡೂ ಕೊಡ್ತೀವಿ. ತೊಂದರೆ ಬರೋದು ಆಮೇಲಿನ ಜ್ವರದಿಂದ, ಯೂರಿನ್ ಇನ್ಫೆಕ್ಷನ್ನಿಂದ. ಮೈ ಬಿಸಿ ಒಂದು ಡಿಗ್ರಿ ಏರಿದ್ರೂ ಹಳೇ ಲಕ್ಷಣಗಳೆಲ್ಲಾ ವಾಪಸ್ ಕಾಣಿಸ್ಕೊಳ್ಳುತ್ತೆ, ಮನೆಯವರು ರಿಲ್ಯಾಪ್ಸ್ ಅಂತ ಗಾಬರಿ ಆಗ್ತಾರೆ, ಜ್ವರ ಇಳಿದ್ರೆ ಅದೂ ಇಳಿಯುತ್ತೆ. ಹಂಗಾಗಿ ಆಪರೇಷನ್ ಮುಂಚೆ ಯೂರಿನ್ ಕಲ್ಚರ್ ಮಾಡ್ಸಿ, ಕ್ಯಾತಿಟರ್ ಆದಷ್ಟು ಬೇಗ ತೆಗಿಯಕ್ಕೆ ಹೇಳಿ, ಆದ್ರೆ ತೆಗೆದ್ಮೇಲೆ ಯೂರಿನ್ ಪೂರ್ತಿ ಖಾಲಿ ಆಗ್ತಿದೆಯಾ ಅಂತ ಸ್ಕ್ಯಾನಲ್ಲಿ ನೋಡಿಸಿ, ಎಂಎಸ್ಸಲ್ಲಿ ಒಳಗೇ ಉಳಿಯೋದು ಜಾಸ್ತಿ.

ಪ್ರೀ ಅನಸ್ತೇಶಿಯಾ ಚೆಕಪ್‌ಗೆ ಬಂದಾಗ "ಎಂಎಸ್ ಇದೆ" ಅಂತ ಒಂದು ಮಾತು ಹೇಳಿ ಸುಮ್ಮನಾಗ್ಬೇಡಿ. ಕಾಲು ಎಷ್ಟು ವೀಕ್ ಇದೆ ಅನ್ನೋದರ ಮೇಲೆ ಸಕ್ಸಿನೈಲ್‌ಕೋಲಿನ್ ಅನ್ನೋ ಸ್ನಾಯು ಸಡಿಲಿಸೋ ಔಷಧಿ ಕೊಡ್ಬೇಕೋ ಬೇಡ್ವೋ ಅಂತ ನಾವು ತೀರ್ಮಾನ ಮಾಡ್ತೀವಿ, ಸ್ನಾಯು ತುಂಬಾ ಸೋತಿದ್ರೆ ಅದರಿಂದ ಪೊಟ್ಯಾಸಿಯಂ ಏರುತ್ತೆ. ಬ್ಯಾಕ್ಲೋಫೆನ್ (ಸ್ನಾಯು ಬಿಗಿತಕ್ಕೆ ಕೊಡೋ ಮಾತ್ರೆ) ಏನಾದ್ರೂ ತಗೋತಿದ್ರೆ ಆಪರೇಷನ್ ದಿನ ಉಪವಾಸ ಅಂತ ನೀವೇ ನಿಲ್ಲಿಸ್ಬೇಡಿ, ಒಮ್ಮೆಗೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು. ತೊಡೆ ಬಿಗಿತ ಇದ್ರೆ ಅದನ್ನೂ ಹೇಳಿ, ಕೆಳಗಿನಿಂದ ಮಾಡೋ ಆಪರೇಷನ್‌ಗೆ ಕಾಲು ಅಗಲಿಸಿ ಕಟ್ಟಬೇಕಾಗುತ್ತೆ. ರಿಟುಕ್ಸಿಮ್ಯಾಬ್ ಡೋಸ್ ಪಕ್ಕಪಕ್ಕ ಆಪರೇಷನ್ ಇಟ್ಕೊಳ್ಳೋದು ಬೇಡ. ಮುಂದಿನ ಡೋಸ್ ಹತ್ರ ಬಂದಾಗ ಮಾಡಿಸಿ, ಗಾಯ ಮಾಗಿದ್ಮೇಲೆ ಡೋಸ್ ಹಾಕ್ಸೋದು ಸಾಮಾನ್ಯ ಲೆಕ್ಕ, ಐಜಿಜಿ (ರಕ್ತದಲ್ಲಿ ಸೋಂಕು ತಡೆಯೋ ಪ್ರೋಟೀನ್) ಲೆವೆಲ್ ಕೂಡ ನೋಡ್ಕೋತಾರೆ. ಡೇಟ್ ಮಾತ್ರ ನ್ಯೂರೋ ಡಾಕ್ಟ್ರ ಹತ್ರ ಬರೆಸ್ಕೊಂಡೇ ತನ್ನಿ.

ಉಡುಪಿ_ಸುಮಾ

ನಾನೊಂದು ಉಲ್ಟಾ ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. 7.8 ಇಟ್ಕೊಂಡು ಯಾರೂ ಆರಾಮಾಗಿ ನಿಂತು ಪಾಠ ಮಾಡ್ಲಿಕ್ಕಾಗೂದಿಲ್ಲ, ಎಂಎಸ್ ಇಲ್ಲದವರಿಗೂ. ನಿಮ್ಮ ಸುಸ್ತಲ್ಲಿ ಎಂಎಸ್ ಎಷ್ಟು, ರಕ್ತ ಕಮ್ಮಿ ಎಷ್ಟು ಅಂತ ಈಗ ಯಾರಿಗೂ ಹೇಳ್ಲಿಕ್ಕಾಗೂದಿಲ್ಲ. ನಂಗೂ ಎಂಎಸ್, ನಮ್ಮ ನ್ಯೂರೋದವರು ಸುಸ್ತು ಅಂದದ್ದಕ್ಕೆಲ್ಲ ಎಂಎಸ್ ಅಂತ ಬರೀತಿದ್ರು, ಐರನ್ ಡ್ರಿಪ್ ಹಾಕ್ಸಿ ಒಂದು ತಿಂಗಳಲ್ಲಿ ಅರ್ಧ ಸುಸ್ತು ಹೋಯ್ತು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅಂತ, ಒಂದೇ ಸಲಕ್ಕೆ 1000 ಮಿಗ್ರಾಂವರೆಗೆ ಹಾಕ್ತಾರೆ. ಆಪರೇಷನ್ನೇ ಮಾಡ್ಸೂದಾದ್ರೂ ರಕ್ತ ಏರ್ಸಿಯೇ ಮಾಡ್ಬೇಕಲ್ಲ.

ಮತ್ತೆ ಮಿರೆನಾ ಬಗ್ಗೆ ಯಾರೂ ಹೇಳ್ಲೇ ಇಲ್ವಾ? ಗರ್ಭಕೋಶದ ಒಳಗೆ ಇಡುವ, ಹಾರ್ಮೋನ್ ಬಿಡುವ ಸಣ್ಣ ಟಿ ಆಕಾರದ್ದು, ಅಡಿನೋಮಯೋಸಿಸ್‌ಗೂ ಒಳ್ಳೇದಾಗ್ತದೆ. ಪ್ಲಾಸ್ಟಿಕ್‌ದು, ಹಾಗಾಗಿ ನಮ್ಮ ವರ್ಷವರ್ಷದ ಎಂಆರ್‌ಐಗೆ ತೊಂದರೆ ಇಲ್ಲ. ಶುರುವಿನ ಮೂರ್ನಾಲ್ಕು ತಿಂಗಳು ಚೂರುಪಾರು ಸ್ಪಾಟಿಂಗ್ ಇರ್ತದೆ, ಆಗ ಬೈಕೊಳ್ತಾ ಇದ್ದೆ, ಈಗ ಪೀರಿಯಡ್ಸೇ ಇಲ್ಲ ಅನ್ನುವಷ್ಟು. ಫೈಬ್ರಾಯ್ಡ್ ಗರ್ಭಕೋಶದ ಒಳಭಾಗಕ್ಕೆ ಚಾಚಿಕೊಂಡಿದ್ರೆ ಇದು ಜಾರಿ ಬೀಳ್ಬಹುದು, ಸೋ ಎಲ್ಲಿದೆ ಎಷ್ಟು ದೊಡ್ಡದು ಅಂತ ಮೊದ್ಲು ಕೇಳಿ. 40 ದಾಟಿದವರಿಗೆ ಇಷ್ಟು ಬ್ಲೀಡಿಂಗ್ ಇದ್ರೆ ಗರ್ಭಕೋಶದ ಒಳಪದರದ ಬಯಾಪ್ಸಿ ಮಾಡ್ಬೇಕು, ಅದು ಆಗಿದ್ಯಾ?

ಗರ್ಭಕೋಶ ತೆಗೀಲಿಕ್ಕೆ ನಮ್ಮಲ್ಲಿ ಇರುವಷ್ಟು ಅರ್ಜೆಂಟ್ ಬೇರೆ ಯಾವುದಕ್ಕೂ ಇಲ್ಲ. ಕಲಬುರಗಿ ಕಡೆ ತಾಂಡಾದ ಹೆಂಗಸರಿಗೆ ಬೇಕಾಬಿಟ್ಟಿ ಮಾಡಿದ್ದು ಪೇಪರಲ್ಲೆಲ್ಲ ಬಂದಿತ್ತಲ್ಲ, 2023ರಲ್ಲಿ ಸುಪ್ರೀಂ ಕೋರ್ಟೇ ಎಲ್ಲ ರಾಜ್ಯಗಳಿಗೆ ಅನವಶ್ಯಕ ಆಪರೇಷನ್ ತಡೀಲಿಕ್ಕೆ ಕೇಂದ್ರದ ಗೈಡ್‌ಲೈನ್ಸ್ ಪಾಲಿಸಿ ಅಂತ ಹೇಳ್ಬೇಕಾಯ್ತು. ನಿಮ್ಮದು ಅನವಶ್ಯಕ ಅಂತ ನಾನು ಹೇಳ್ತಿಲ್ಲ. ಸೆಕೆಂಡ್ ಒಪೀನಿಯನ್ ತಗೊಳ್ಳಿ ಅಷ್ಟೆ.

ದಾವಣಗೆರೆ_ಟೀಚರ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸುಮಾ, ಬಯಾಪ್ಸಿ ಆಗಿಲ್ಲ, ಐರನ್ ಮಾತ್ರೆ ಮಾತ್ರ ಕೊಟ್ಟಿದಾರೆ, ಅದರಿಂದ ಮಲಬದ್ಧತೆ ಬೇರೆ, ಎಂಎಸ್ಸಿಂದ ಇರೋದು ಸಾಲ್ದು ಅಂತ. ಮೊದಲು ಡ್ರಿಪ್ ಹಾಕಿಸ್ಕೊಂಡು, ಬಯಾಪ್ಸಿ ಮಾಡಿಸಿ, ಆ ರಿಪೋರ್ಟ್ ಇಟ್ಕೊಂಡು ಬೆಂಗ್ಳೂರಲ್ಲೇ ಇನ್ನೊಬ್ಬ ಗೈನಕ್ ಹತ್ರ ತೋರಿಸ್ತೀನಿ, ನ್ಯೂರೋದವರೂ ಅಲ್ಲೇ ಇರೋದ್ರಿಂದ ಫೋನಲ್ಲಾದ್ರೂ ಮಾತಾಡ್ಕೊಳ್ಳಲಿ. ಆಪರೇಷನ್ನೇ ಗತಿ ಅಂದ್ರೆ ಮಾಡ್ಸೋಕೆ ರೆಡಿ ಇದೀನಿ, ಓವರಿ ಮಾತ್ರ ತೆಗ್ಸಲ್ಲ. ಮೆನೋಪಾಸ್ ಬಗ್ಗೆ ಡಾಕ್ಟ್ರೇ ಏನಾದ್ರೂ ಹೇಳ್ತೀರಾ? ವೈನಿ, ಆಮೇಲೆ ಮನೇಲಿ ಹೆಂಗೆ ಮ್ಯಾನೇಜ್ ಮಾಡಿದ್ರಿ?

ಮತ್ತು_ಡಾಕ್ಟ್ರು

ಅದು ನ್ಯೂರೋದವರ ಕೆಲಸ, ಆದ್ರೂ ಹೇಳ್ತೀನಿ. ಮೆನೋಪಾಸ್ ಆದ್ಮೇಲೆ ರಿಲ್ಯಾಪ್ಸ್ ಜಾಸ್ತಿ ಆಗಲ್ಲ, ವಯಸ್ಸಾಗ್ತಾ ಅವು ಕಮ್ಮಿನೇ ಆಗ್ತವೆ. ಕಾಯಿಲೆ ನಿಧಾನಕ್ಕೆ ಮುಂದುವರಿಯೋದರಲ್ಲಿ ಮೆನೋಪಾಸ್ ಪಾತ್ರ ಎಷ್ಟು ಅನ್ನೋದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳ್ತಿಲ್ಲ. ಧಗೆ, ನಿದ್ದೆಗೇಡು ಇದ್ರೆ ಸುಸ್ತು ಏರೋದಂತೂ ಖಂಡಿತ.

ಹುಬ್ಬಳ್ಳಿ_ವೈನಿ

ನನಗ ಲ್ಯಾಪ್ರೋಸ್ಕೋಪಿ ಆದದ್ದಕ್ಕ ಬೇಗ ಎದ್ದೆ, ಹೊಟ್ಟಿ ಕೊಯ್ದ್ರ ಒಂದೂವರೆ ತಿಂಗಳು ಭಾರ ಎತ್ತೂದಿಲ್ಲ. ಅದರಾಗ ಒಂದು ಮಾತು ಯಾರೂ ಹೇಳೂದಿಲ್ಲ, ನಾವು ಏಳೂದ ಕೈ ಊರಿ, ಹೊಟ್ಟಿ ಬಿಗಿ ಹಿಡದು. ಹೊಲಿಗಿ ಹಾಕಿದಾಗ ಅದು ಆಗೂದಿಲ್ಲ. ಹಂಗಾಗಿ ಮದಲ ಮಂಚದ ಕಾಲಿಗೆ ಕಟ್ಟಿಗಿ ತುಂಡು ಇಟ್ಟು ಎತ್ತರ ಮಾಡಿಸ್ರಿ, ಟಾಯ್ಲೆಟ್‌ನಾಗ ಹಿಡಕೊಳ್ಳಾಕ ಕಂಬಿ ಹಾಕಸ್ರಿ, ಕಮೋಡ್ ಇಲ್ಲಂದ್ರ ಕಮೋಡ್ ಕುರ್ಚಿ ತರಸ್ರಿ. ಫಿಸಿಯೋದವರ ಕಡೆ ಮಗ್ಗಲಾಗಿ ಏಳೂದು ಹೆಂಗ ಅಂತ ಆಪರೇಷನ್ ಮದಲ ಕಲೀರಿ. ಬ್ಯಾಸಿಗ್ಯಾಗ ಡೇಟ್ ತಗೋಬ್ಯಾಡ್ರಿ, ದಾವಣಗೆರಿ ಬಿಸಲಿನಾಗ ಕರೆಂಟ್ ಹೋದ್ರ ನಿಮ್ಮ ಕಾಲು ಏಳೂದಿಲ್ಲ. ದೀಪಾವಳಿ ಆದ ಮ್ಯಾಲೆ ಇಟ್ಕೋರಿ.